ಅತ್ತಿಗೆ ನೆಕ್ಕಿದ ಕಲ್ಲುಗಳು

ನಮ್ಮ ಅತ್ತಿಗೆ ಜಪಾನಿನ ಅರ್ಧದಷ್ಟು ಕಲ್ಲುಗಳನ್ನು ನೆಕ್ಕಿ ಮುಗಿಸಿದ್ದಾರೆ. ಉಳಿದರ್ಧವನ್ನೂ ನೆಕ್ಕುತ್ತಿದ್ದರೇನೋ, ವೀಸಾ ಸಾಲಲಿಲ್ಲ!

ನೀವು ನಂಬುವುದಿಲ್ಲ, ಗೊತ್ತು. ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ. ಅತ್ತಿಗೆ ಎಂದರೆ ನನ್ನ ಹೆಂಡತಿಯ ಅಕ್ಕ. ಐವತ್ತು ದಾಟಿದವರು, ಡಾಕ್ಟರೇಟ್ ಪಡೆದವರು, ಮದುವೆಯ ಮಾತೆತ್ತಿದರೆ ಎದ್ದು ಹೋಗಿ ಪಾತ್ರೆ ತೊಳೆಯುವವರು. ಗಿಫು ಕಡೆಯ ಗುಡ್ಡಗಳ ನಡುವೆ ಒಂದು ಪುಟ್ಟ ಮ್ಯೂಸಿಯಮ್ಮಿನಲ್ಲಿ ಅವರಿಗೆ ಕೆಲಸ. ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆ, ಮಯೋಸೀನ್ ಎಂದು ಕರೆಯುವ ಕಾಲದಲ್ಲಿ, ಆ ಗುಡ್ಡಗಳಿರುವ ಕಡೆ ದೊಡ್ಡದೊಂದು ಸರೋವರವಿತ್ತಂತೆ. ಅದರ ದಡಕ್ಕೆ ಘೇಂಡಾಮೃಗಗಳು ನೀರು ಕುಡಿಯಲು ಬರುತ್ತಿದ್ದವಂತೆ. ಮೂರು ಬೆರಳಿನ ಕುದುರೆಗಳೂ ಆನೆಯ ದೂರದ ನೆಂಟರೂ ಇದ್ದರಂತೆ. ಸತ್ತು ನೀರಿಗೆ ಬಿದ್ದವು ತಳದ ಕೆಸರಿನಲ್ಲಿ ಹೂತುಹೋದವು, ಕೆಸರು ಕಲ್ಲಾಯಿತು. ಆ ಕಲ್ಲನ್ನು ಹಾಳೆ ಹಾಳೆಯಾಗಿ ಬಿಚ್ಚಿ ಒಳಗೆ ಯಾರಿದ್ದಾರೆಂದು ನೋಡುವುದೇ ಅತ್ತಿಗೆಯ ಉದ್ಯೋಗ.

ನೆಕ್ಕುವುದಕ್ಕೂ ಒಂದು ಶಾಸ್ತ್ರವಿದೆ. ಹಳೆಯ ಮೂಳೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಒದ್ದೆ ನಾಲಿಗೆ ತಾಗಿಸಿದರೆ ಮೂಳೆ ಅಂಟಿಕೊಳ್ಳುತ್ತದೆ, ಬರೀ ಕಲ್ಲಾದರೆ ಅಂಟುವುದಿಲ್ಲ. ಈ ವಿದ್ಯೆ ಬಲ್ಲವರೆಲ್ಲರೂ ಹೀಗೆ ಮಾಡುತ್ತಾರಂತೆ. ಒಮ್ಮೆ ಅವರು ಕೆಲಸ ಮಾಡುವ ನದೀದಂಡೆಗೆ ನಾನೂ ಹೋಗಿದ್ದೆ. ಹೆಲ್ಮೆಟ್ ಹಾಕಿಕೊಂಡ ನಾಲ್ಕಾರು ಮಂದಿ ಜಪಾನಿ ವಿದ್ವಾಂಸರು ಒಬ್ಬರಿಗೊಬ್ಬರು ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ, ಮರ್ಯಾದೆಯಿಂದ ಆಚೆಗೆ ತಿರುಗಿ, ಕಲ್ಲಿಗೆ ನಾಲಿಗೆ ಹಚ್ಚಿ, ಮತ್ತೆ ಈಚೆಗೆ ತಿರುಗಿ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಇದಕ್ಕೆಲ್ಲ ಪಿಎಚ್‌.ಡಿ. ಬೇಕೇ ಎಂದು ನನಗೆ ಅನ್ನಿಸಿತು.

ಹಾಗೆ ಅನ್ನಿಸಲು ಕಾರಣವಿದೆ. ಕೋಲಾರದ ಕಡೆಯ ಬಂಡೆಗಳ ಊರಿನವನು ನಾನು. ನಮ್ಮಪ್ಪ, ನಮ್ಮಮ್ಮ ಇಬ್ಬರೂ ರಸ್ತೆಬದಿಯಲ್ಲಿ ಕೂತು ಜಲ್ಲಿ ಒಡೆದವರು. ಅವರಪ್ಪಂದಿರೂ ಅಷ್ಟೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲಿನ ನೀರುಸಾರು ಕುಡಿದು, ಬೇರೆಯವರ ಪುಸ್ತಕ ಕೇಳಿ ತಂದು ಓದಿದೆ. ಯಾಕೆ? ಕಲ್ಲು ಒಡೆಯುವುದು ನನ್ನ ಪಾಲಿಗೆ ಬರಬಾರದು ಅಂತ! ಈ ಮಹಾತಾಯಿ ಬೆಂಗಳೂರಿನ ಒಳ್ಳೆಯ ಮನೆಯಲ್ಲಿ ಹುಟ್ಟಿ, ಒಳ್ಳೆಯ ಸ್ಕೂಲು, ಒಳ್ಳೆಯ ಕಾಲೇಜು ಎಲ್ಲ ಮುಗಿಸಿ, ಸಮುದ್ರ ದಾಟಿ ಬಂದದ್ದು ಯಾಕೆ? ಕಲ್ಲು ಒಡೆಯುವುದಕ್ಕೆ!

ನಾನು ಹೆಣ್ಣು ನೋಡಲು ಹೋದ ದಿನ ಅತ್ತಿಗೆ ರಜೆಯ ಮೇಲೆ ಊರಿಗೆ ಬಂದಿದ್ದರು. ಎಲ್ಲರೂ ಕಂಪನಿ ಯಾವುದು, ಸ್ವಂತ ಮನೆ ಇದೆಯಾ ಎಂದು ಕೇಳುತ್ತಿದ್ದರೆ ಮೂಲೆಯಲ್ಲಿ ಕೂತಿದ್ದ ಇವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೇಳಿದರು: “ನಿಮ್ಮೂರಲ್ಲಿ ಯಾವ ಕಲ್ಲು?”

ಕಲ್ಲಿನ ಮಾತು ಬರಬಾರದೆಂದೇ ದೇವರಿಗೆ ಬೇಡಿಕೊಂಡು ಹೋಗಿದ್ದೆ. ಬೆವರಿದೆ. ಆಗಿದ್ದಾಗಲಿ ಎಂದು ನೆಟ್ಟಗೆ ಕೂತು, “ಗ್ರಾನೈಟ್, ಮೇಡಂ. ನಮ್ಮ ತಂದೆ ತಾಯಿ ಜಲ್ಲಿ ಒಡೀತಿದ್ರು” ಎಂದೆ.

ಅತ್ತಿಗೆಯ ಮುಖ ಬಾಡಿಹೋಯಿತು. “ಅಯ್ಯೋ ಪಾಪ” ಎಂದರು. ನನ್ನ ಕಿವಿ ಬಿಸಿಯಾಯಿತು. ಅವರು ಮುಂದುವರಿಸಿದರು: “ಗ್ರಾನೈಟಲ್ಲಿ ಏನೂ ಸಿಗಲ್ಲ ಕಣಯ್ಯ! ಒಂದು ಮೀನಿಲ್ಲ, ಒಂದು ಎಲೆ ಇಲ್ಲ. ಅಷ್ಟು ತಲೆಮಾರು ಒಡೆದೂ ಪಾಪ, ನಿಮ್ಮವರಿಗೆ ಒಂದು ಬಸವನಹುಳಾನೂ ಸಿಕ್ಕಿರಲ್ಲ!”

ನಮ್ಮ ಬಡತನವನ್ನು ಕಂಡು ಮರುಗಿದವರು ಬಹಳ ಮಂದಿ. ಬಸವನಹುಳು ಸಿಗಲಿಲ್ಲವೆಂದು ಮರುಗಿದವರು ಇವರೊಬ್ಬರೇ. ಅವತ್ತೇ ನನಗೆ ಆ ಮನೆಯ ಹುಡುಗಿ ಒಪ್ಪಿಗೆಯಾದಳು.

ಮದುವೆಯಾಗಿ ಕೆಲವು ವರ್ಷಗಳಿಗೆ ಕಂಪನಿಯವರು ನನ್ನನ್ನು ಒಸಾಕಾಕ್ಕೆ ಕಳಿಸಿದರು. ಅತ್ತಿಗೆಗೆ ಹಬ್ಬ! ತಿಂಗಳಿಗೊಮ್ಮೆ ಬ್ಯಾಗು ಹೊತ್ತು ಬಂದಿಳಿಯುತ್ತಾರೆ. ಬ್ಯಾಗಿನಲ್ಲಿ ಬಟ್ಟೆ ಕಡಿಮೆ, ಕಲ್ಲು ಜಾಸ್ತಿ. ಸರೋವರದ ಕೆಸರುಗಲ್ಲು ಬೇಗ ಒಣಗಿದರೆ ಬಿರುಕುಬಿಟ್ಟು ಒಳಗಿರುವ ಪ್ರಾಣಿಯೂ ಚೂರಾಗುತ್ತದಂತೆ. ಹಾಗಾಗಿ ಒದ್ದೆ ಪೇಪರಿನಲ್ಲಿ ಸುತ್ತಿ, ತಂಪಿನಲ್ಲಿಟ್ಟು, ನಿಧಾನಕ್ಕೆ ಒಣಗಿಸಬೇಕು. ತಂಪು ಎಲ್ಲಿದೆ? ನಮ್ಮ ಫ್ರಿಜ್ಜಿನಲ್ಲಿ! ಇಡ್ಲಿಹಿಟ್ಟಿನ ಮಗ್ಗುಲಲ್ಲಿ!

“ಅಕ್ಕಾ, ನೀನು ನೆಕ್ಕಿದ ಎಂಜಲು ಕಲ್ಲನ್ನ ತಂದು ನನ್ನ ಹಿಟ್ಟಿನ ಪಕ್ಕ ಇಡ್ತೀಯಲ್ಲ, ನಿಂಗೆ ಅಸಹ್ಯ ಆಗಲ್ವಾ?” ನನ್ನ ಹೆಂಡತಿಯ ಗೋಳು.

“ನಾನು ನೆಕ್ಕೋಕೆ ಮುಂಚೆ ಅದು ಒಂದೂವರೆ ಕೋಟಿ ವರ್ಷ ಮಡೀಲಿತ್ತಲ್ಲೇ. ಅಷ್ಟು ಮಡಿ ನಮ್ಮಜ್ಜಿ ಮನೇಲೂ ಇರಲಿಲ್ಲ!”

ನಮ್ಮ ಮನೆಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿಡುವ ಇನ್ನೊಂದು ವಸ್ತುವಿತ್ತು. ಕರಿಬೇವು. ಕೋಬೆಯ ಇಂಡಿಯನ್ ಅಂಗಡಿಯಿಂದ ತಂದು, ಚಿನ್ನ ಕಾಪಾಡಿದಂತೆ ಕಾಪಾಡುವ ಕರಿಬೇವು. ಏನಾಗಬೇಕೋ ಅದೇ ಆಯಿತು. ಒಂದು ಭಾನುವಾರ ಒಲೆಯ ಮೇಲೆ ಎಣ್ಣೆ ಕಾದು, ಸಾಸಿವೆ ಸಿಡಿದು, ನನ್ನ ಹೆಂಡತಿ ಆತುರದಲ್ಲಿ ಪೊಟ್ಟಣ ಬಿಚ್ಚಿದರೆ ಒಳಗೆ ಎಲೆಯೇನೋ ಇದೆ, ಆದರೆ ಮಯೋಸೀನ್ ಕಾಲದ್ದು! ಒಗ್ಗರಣೆಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಅಷ್ಟು ಹೊತ್ತಿಗೆ ಅತ್ತಿಗೆ ಇನ್ನೊಂದು ಪೊಟ್ಟಣ ಹಿಡಿದು ಬೆಳಗಿನ ರೈಲಿಗೆ ಹೋಗಿಯಾಗಿತ್ತು. ಮಾರನೆಯ ದಿನ ಮ್ಯೂಸಿಯಮ್ಮಿನಿಂದ ಅತ್ತಿಗೆಯ ಫೋನು. “ನಿಮ್ಮ ಕರಿಬೇವು ಇಲ್ಲಿದೆ. ಟೇಬಲ್ ಮೇಲಿಟ್ಟು ಕೈ ತೊಳೆಯೋಕೆ ಹೋಗಿದ್ದೆ. ಅಷ್ಟರಲ್ಲಿ ನಮ್ಮ ಅಸಿಸ್ಟೆಂಟ್ ಹುಡುಗಿ ಅದಕ್ಕೆ ನಂಬರ್ ಕೊಟ್ಟು ಡ್ರಾಯರಿಗೆ ಹಾಕಿಬಿಟ್ಟಿದ್ದಾಳೆ. ಬಹಳ ಚೆನ್ನಾಗಿ ಉಳಿದಿದೆ, ಹಸಿರು ಕೂಡ ಹೋಗಿಲ್ಲ ಅಂತ ಎಲ್ಲರನ್ನೂ ಕರೆದು ತೋರಿಸ್ತಿದ್ದಾಳೆ!”

ಇಷ್ಟೇ ಆಗಿದ್ದರೆ ಅತ್ತಿಗೆಯನ್ನು ತಮಾಷೆಯ ಮನುಷ್ಯರ ಪಟ್ಟಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ ಅವರ ಹುಚ್ಚಿನ ಕೆಳಗೆ ಇನ್ನೊಂದು ಹುಚ್ಚು ಇತ್ತು. ಅದರ ಹೆಸರು ಕಪ್ಪೆ.

ಮ್ಯೂಸಿಯಮ್ಮಿನಲ್ಲಿ ಭಾನುವಾರ ಮಕ್ಕಳಿಗೆ ಕಲ್ಲು ಒಡೆಸುತ್ತಾರೆ. ಕಣ್ಣಿಗೆ ಕನ್ನಡಕ ಹಾಕಿ, ಕೈಗೊಂದು ಪುಟ್ಟ ಸುತ್ತಿಗೆ ಕೊಟ್ಟು, ಸರೋವರದ ಕಲ್ಲಿನ ಒಂದು ಹೆಂಟೆ ಮುಂದಿಡುತ್ತಾರೆ. ಸಿಕ್ಕಿದ್ದು ಮಗುವಿನದೇ. ಹೆಚ್ಚಾಗಿ ಸಿಗುವುದು ಎಲೆಗಳು, ಮಕ್ಕಳು ಕುಣಿದಾಡುತ್ತಾ ಮನೆಗೆ ಒಯ್ಯುತ್ತಾರೆ. ಹಲವು ವರ್ಷಗಳ ಹಿಂದೆ ಅಂಥ ಒಂದು ಭಾನುವಾರದ ಸಂಜೆ, ಎಲ್ಲರೂ ಹೋದಮೇಲೆ, ಅತ್ತಿಗೆ ತಟ್ಟೆಯಲ್ಲಿ ಉಳಿದಿದ್ದ ಚೂರುಗಳನ್ನು ಎಸೆಯುವ ಮುಂಚೆ ಒಂದೊಂದಾಗಿ ತಿರುವಿ ನೋಡಿದರು. ಒಂದರ ಮೇಲೆ ಒಂದು ಕಪ್ಪೆ ಇತ್ತು. ಇಡೀ ಕಪ್ಪೆಯಲ್ಲ. ಸೊಂಟ ಮತ್ತು ಹಿಂಗಾಲುಗಳು. ಕಲ್ಲು ಹಾಳೆಯಂತೆ ಬಿಚ್ಚಿಕೊಳ್ಳುವಾಗ ಮೂಳೆ ಸ್ವಲ್ಪ ಈ ಕಡೆಗೆ, ಸ್ವಲ್ಪ ಆ ಕಡೆಗೆ ಹಂಚಿಹೋಗುತ್ತದೆ. ಕಾಲುಗಳು ಮ್ಯೂಸಿಯಮ್ಮಿನ ಪಾಲಿಗೆ ಉಳಿದವು. ತಲೆ ಇನ್ನೊಂದು ಹಾಳೆಗೆ ಅಂಟಿ, ಯಾವುದೋ ಮಗುವಿನ ಜೇಬಿನಲ್ಲಿ ಹೊರಟುಹೋಗಿತ್ತು. ಆ ಹಾಳೆಯ ಇನ್ನೊಂದು ಮೈಮೇಲೆ ಚೆಂದದ ಎಲೆಯೊಂದು ಇದ್ದಿರಬೇಕು, ಮಗು ಎಲೆಯನ್ನಷ್ಟೇ ನೋಡಿರಬೇಕು ಎಂಬುದು ಅತ್ತಿಗೆಯ ಊಹೆ.

“ಹೋಗಲಿ ಬಿಡಿ, ಕಪ್ಪೆಗೇನು ಬರ?” ಎಂದೆ ನಾನು.

“ಇಂಥ ಕಾಲು ಆ ಸರೋವರದ ಬೇರೆ ಯಾವ ಕಪ್ಪೆಗೂ ಇಲ್ಲ ಕಣಯ್ಯ. ಇದು ಬೇರೆ ಜಾತೀದು ಅನ್ಸುತ್ತೆ. ಆದ್ರೆ ತಲೆ ನೋಡದೆ ಹೇಳೋ ಹಾಗಿಲ್ಲ. ತಲೆಯಿಲ್ಲದವರಿಗೆ ಹೆಸರಿಡೋಕೆ ಬರಲ್ಲ.”

“ನಮ್ಮ ಆಫೀಸಲ್ಲಿ ಅಂಥವರಿಗೆ ಮ್ಯಾನೇಜರ್ ಅಂತ ಹೆಸರಿಡ್ತಾರೆ, ಅತ್ತಿಗೆ.”

ಅವರು ನಗಲಿಲ್ಲ. ಮ್ಯೂಸಿಯಮ್ಮಿನವರು ಬೋರ್ಡು ಹಾಕಿದರು, ಬಂದವರನ್ನೆಲ್ಲ ವಿಚಾರಿಸಿದರು. ಯಾರ ಮನೆಯಲ್ಲೂ ಕಪ್ಪೆ ಇರಲಿಲ್ಲ. ಇದ್ದದ್ದೆಲ್ಲ ಎಲೆ. ಆವತ್ತಿನಿಂದ ಅತ್ತಿಗೆ ಯಾರ ಮನೆಗೆ ಹೋಗಲಿ, ಯಾವ ಅಂಗಡಿಗೆ ಹೋಗಲಿ, ಮೊದಲು ನೋಡುವುದು ಷೆಲ್ಫು. ಕ್ಷೌರದಂಗಡಿಯ ಕನ್ನಡಿಯ ಕೆಳಗೆ ನೋಡುತ್ತಾರೆ. ಹಲ್ಲಿನ ಡಾಕ್ಟರು ‘ಬಾಯಿ ತೆರೀರಿ’ ಎಂದರೆ ಅವರ ಹಿಂದಿನ ಅಲಮಾರಿಯಲ್ಲಿರುವ ಕಲ್ಲುಗಳ ವಿಚಾರ ಕೇಳುವುದಕ್ಕೇ ಬಾಯಿ ತೆರೆಯುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಆ ಹುಚ್ಚಿಗೊಂದು ಗಡುವೂ ಬಂತು. ಅತ್ತಿಗೆಯ ಹುದ್ದೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸಲು ಆಗುವುದಿಲ್ಲ ಎಂದು ಮ್ಯೂಸಿಯಮ್ಮಿನವರು ಬಹಳ ಬಗ್ಗಿ, ಬಹಳ ನೊಂದು ತಿಳಿಸಿದರು. ಹೊಸ ಜಾತಿಯ ಪ್ರಾಣಿಯೊಂದು ಸಿಕ್ಕಿದೆ ಎಂದಾದರೆ ಮಾತು ಬೇರೆ, ಆಗ ಅದರ ಕೆಲಸಕ್ಕೆಂದು ಇನ್ನೂ ಕೆಲವು ವರ್ಷ ಉಳಿಸಿಕೊಳ್ಳಬಹುದು. ಹುದ್ದೆ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಜಪಾನು ಹೋಗುತ್ತದೆ. ಕಾಲುಗಳು ಡ್ರಾಯರಿನಲ್ಲಿ ‘ಗುರುತಿಸಿಲ್ಲ’ ಎಂಬ ಚೀಟಿಯ ಕೆಳಗೆ ಉಳಿಯುತ್ತವೆ. ಹೆಸರಿಡಬೇಕಾದರೆ ಫೋಟೊ ಸಾಲದು, ಎರವಲೂ ಸಾಲದು, ಕಲ್ಲು ಶಾಶ್ವತವಾಗಿ ಮ್ಯೂಸಿಯಮ್ಮಿನಲ್ಲೇ ಇರಬೇಕಂತೆ. ತಲೆ ಸಿಗಬೇಕು, ಮಾರ್ಚಿನೊಳಗೆ ಸಿಗಬೇಕು.

ಹೀಗಿರುವಾಗ ಹೊಸ ವರ್ಷದ ಊಟಕ್ಕೆ ನನ್ನ ಬಾಸ್ ಮೊರಿತಾ ಸಾನ್ ನಮ್ಮನ್ನು ಮನೆಗೆ ಕರೆದರು. ಅತ್ತಿಗೆ ಒಸಾಕಾದಲ್ಲೇ ಇದ್ದದ್ದರಿಂದ ಅವರೂ ಬಂದರು. ನಡುಮನೆಯ ಗೋಡೆಗೂಡಿನಲ್ಲಿ, ಮರದ ಪೀಠದ ಮೇಲೆ, ಬೆಟ್ಟದ ಆಕಾರದ ಕಪ್ಪು ಕಲ್ಲೊಂದು ಕೂತಿತ್ತು. ಜಪಾನಿನಲ್ಲಿ ಅಂಥ ಕಲ್ಲನ್ನು ದೂರದಿಂದ ನೋಡಿ ನಿಟ್ಟುಸಿರು ಬಿಡುವುದು ಪದ್ಧತಿ. ಮೊರಿತಾ ಸಾನ್ ಚಹಾ ಬಗ್ಗಿಸುತ್ತಿದ್ದರು. “ಸುಮಿಮಾಸೆನ್” ಎಂಬ ಮೆಲುದನಿ ಕೇಳಿಸಿತು. ತಿರುಗಿ ನೋಡುತ್ತೇನೆ, ಅತ್ತಿಗೆ ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಪಕ್ಕಕ್ಕೆ ತಿರುಗಿ, ನೆಕ್ಕಿಯೇಬಿಟ್ಟರು!

ಮೊರಿತಾ ಸಾನ್ ಚಹಾದ ಕೆಟಲನ್ನು ನಿಧಾನಕ್ಕೆ ಕೆಳಗಿಟ್ಟರು. ನನ್ನ ಪ್ರಮೋಷನ್ನು ಕಿಟಕಿಯಿಂದಾಚೆ ಹಾರಿಹೋಗುವುದು ನನಗೆ ಕಾಣಿಸಿತು. ಅತ್ತಿಗೆ ಕರ್ಚೀಫಿನಿಂದ ಕಲ್ಲನ್ನು ಒರೆಸಿ, ಪೀಠದ ಮೇಲೆ ಕೂರಿಸಿ, ಯಜಮಾನರಿಗೆ ಧೈರ್ಯ ಹೇಳಿದರು: “ಚೆನ್ನಾಗಿದೆ. ಗಾಬರಿಯಾಗಬೇಡಿ, ಮೂಳೆಯಲ್ಲ.”

ವಾಪಸ್ಸು ಬರುವಾಗ ರೈಲಿನಲ್ಲಿ ನನ್ನ ಹೆಂಡತಿ ಯಾರ ಮುಖವನ್ನೂ ನೋಡಲಿಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು ಮಾತ್ರ ಕುತೂಹಲ ತಡೆಯಲಾರದೆ, “ದೊಡ್ಡಮ್ಮಾ, ಆ ಕಲ್ಲು ಓಯಿಶೀ?” ಎಂದು ಕೇಳಿದಳು. ರುಚಿಯಾಗಿತ್ತಾ ಎಂದು.

“ಉಪ್ಪು ಕಮ್ಮಿ” ಎಂದರು ಅತ್ತಿಗೆ.

ಸೋಮವಾರ ಮೊರಿತಾ ಸಾನ್ ನನ್ನನ್ನು ಮೀಟಿಂಗ್ ರೂಮಿಗೆ ಕರೆದು ಬಾಗಿಲು ಹಾಕಿದರು. ನಾನು ರಾಜೀನಾಮೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಬರೆಯತೊಡಗಿದೆ. ಅವರು ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, “ನಿಮ್ಮ ಅತ್ತಿಗೆಯವರು ಹಾಗೆ ಮಾಡಿದ್ದು ಯಾಕೆ?” ಎಂದರು. ಮೂಳೆಯ ತೂತು, ನಾಲಿಗೆ, ಅಂಟು ಎಲ್ಲವನ್ನೂ ವಿವರಿಸಿದೆ. ಅವರ ಮುಖ ಅರಳಿತು. “ಓ! ಅದಕ್ಕೇ! ನೀವು ಹೋದಮೇಲೆ ನಾನೂ ನೋಡಿದೆ. ನನಗೂ ಅಂಟಲಿಲ್ಲ!”

ಮೂವತ್ತು ವರ್ಷ ಆ ಕಲ್ಲನ್ನು ದೂರದಿಂದ ನೋಡಿದ ಮನುಷ್ಯ! ಮೆಚ್ಚಿ, ಕಪ್ಪೆಯ ಕತೆಯನ್ನೂ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿದರು. ಮಾರ್ಚಿನ ಮೊದಲ ವಾರ ತಾವಾಗಿಯೇ ನನ್ನ ಮೇಜಿನ ಹತ್ತಿರ ಬಂದರು. ಅವರ ಊರು ಆ ಮ್ಯೂಸಿಯಮ್ಮಿನಿಂದ ದೂರವಿಲ್ಲವಂತೆ. ಈಗ ಟೋಕಿಯೋದಲ್ಲಿ ಓದುತ್ತಿರುವ ಮಗಳು ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಅಲ್ಲಿಗೆ ಹೋಗಿ ಎಲೆಯಿರುವ ಕಲ್ಲೊಂದನ್ನು ತಂದಿದ್ದಳಂತೆ. ಅದು ಊರಿನ ಮನೆಯಲ್ಲಿ, ತಂದೆಯ ಹತ್ತಿರ ಇದೆಯಂತೆ. “ಬಹುಶಃ ಅದಲ್ಲ. ಆದರೂ...” ಎಂದರು.

ಮುಂದಿನ ಶನಿವಾರ ನಾನು ಕಾರು ತೆಗೆದೆ. ‘ಯಾರದೇ ಮನೇಲಿ ಇನ್ನು ನಾಲಿಗೆ ಹೊರಗೆ ಬರಬಾರದು’ ಎಂದು ನನ್ನ ಹೆಂಡತಿ ಅಕ್ಕನಿಂದ ಆಣೆ ಮಾಡಿಸಿಕೊಂಡೇ ಕಳಿಸಿದಳು. ಅತ್ತಿಗೆ ದಾರಿಯುದ್ದಕ್ಕೂ ಹತ್ತಿಯಲ್ಲಿ ಸುತ್ತಿದ ಕಪ್ಪೆಯ ಕಾಲುಗಳನ್ನು ಮಡಿಲಿನಲ್ಲಿಟ್ಟುಕೊಂಡು, ನೆಂಟರ ಮನೆಗೆ ಹಸುಗೂಸನ್ನು ಒಯ್ಯುವವರಂತೆ ಕೂತಿದ್ದರು. ಹೆದ್ದಾರಿಯಲ್ಲಿ ನಾನು ಸ್ವಲ್ಪ ವೇಗ ಹೆಚ್ಚಿಸಿದರೂ “ನಿಧಾನ ಕಣಯ್ಯ, ಮಗು ಇದೆ” ಎನ್ನುತ್ತಿದ್ದರು.

ಮೊರಿತಾ ಸಾನ್ ಅವರ ತಂದೆ ಬಾಗಿಲಲ್ಲೇ ಕಾಯುತ್ತಿದ್ದರು. ಎಂಬತ್ತು ದಾಟಿದ, ಒಬ್ಬರೇ ಇರುವ ತಾತ. ಫೋನಿನಲ್ಲಿ ಮಗ ಏನು ಹೇಳಿದ್ದರೋ, ಇಂಡಿಯಾದಿಂದ ವಿದ್ವಾಂಸರು ಎಲೆ ನೋಡಲು ಬರುತ್ತಾರೆಂದು ಕೋಟು ಹಾಕಿಕೊಂಡಿದ್ದರು. ನಮ್ಮನ್ನು ನೇರ ಒಳಕೋಣೆಗೆ ಕರೆದೊಯ್ದರು. ಅಲ್ಲಿ ಗತಿಸಿದವರ ಗೂಡು. ತಾತನ ಹೆಂಡತಿಯ ಫೋಟೊ, ಒಂದು ಬಟ್ಟಲು ಅನ್ನ, ಎರಡು ಕಿತ್ತಳೆ, ಊದುಬತ್ತಿ. ಫೋಟೊದ ಪಕ್ಕದಲ್ಲಿ, ಎಲೆಯ ಮುಖ ಮುಂದಾಗಿ, ಅಂಗೈ ಅಗಲದ ಕಲ್ಲು.

ಅತ್ತಿಗೆ ಮಂಡಿಯೂರಿ ಮೊದಲು ಫೋಟೊಗೆ ಕೈಮುಗಿದರು. ಆಮೇಲೆ ಕಲ್ಲಿನ ಬೆನ್ನು ನೋಡಬಹುದೇ ಎಂದು ಕೇಳಿದರು. ತಿರುಗಿಸಿದರು. ನನಗೆ ಕಂಡದ್ದು ಕಂದುಬಣ್ಣದ ಒಂದಿಷ್ಟು ಗೀರುಗಳು. ಅತ್ತಿಗೆ ಅದನ್ನು ಚಾಪೆಯ ಮೇಲೆ ಮಲಗಿಸಿದರು. ಮಡಿಲಿನಿಂದ ತಮ್ಮ ಕಲ್ಲನ್ನು ತೆಗೆದು ಅದರ ಮೇಲೆ ಮೆಲ್ಲಗೆ ಮುಚ್ಚಿದರು. ಎರಡೂ ಒಂದೇ ಕಲ್ಲಾದವು. ಅಂಚಿನಲ್ಲಿ ಗೆರೆಯೂ ಕಾಣದ ಹಾಗೆ ಕೂತವು.

ಲೆನ್ಸ್ ಹಿಡಿದು ಆ ತಲೆಯ ಮೇಲೆ ಅವರು ಬಗ್ಗಿದ್ದು ಎಷ್ಟು ಹೊತ್ತೋ ತಿಳಿಯದು. ತಾತ ಎರಡು ಸಲ ಚಹಾ ತಂದರು. ಕಪ್ಪೆಯ ಸುದ್ದಿ ಕೇಳಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ತಾವಾಗಿಯೇ ನನ್ನ ಕಡೆ ತಿರುಗಿ ಮಾತು ತೆಗೆದರು. ಮೊಮ್ಮಗಳು ಕೊಟ್ಟ ಎಲೆಯೆಂದು ಹೆಂಡತಿ ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದರಂತೆ. ಆಸ್ಪತ್ರೆಗೂ ತರಿಸಿಕೊಂಡಿದ್ದರಂತೆ. “ಈಗ ಬೆಳಿಗ್ಗೆ ನಾನು ಇವತ್ತು ಬಿಸಿಲೋ ಮೋಡವೋ ಅಂತ ಎಲೆಗೆ ಹೇಳ್ತೀನಿ. ಫೋಟೊಗೆ ಹೇಳೋಕೆ ಒಂಥರಾ ನಾಚಿಕೆ” ಎಂದರು. ಆಮೇಲೆ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ, ಅತ್ತಿಗೆಯ ಮುಂದೆ ಚಾಚಿದರು. “ಇದು ನಿಮಗೆ ಬೇಕಾದದ್ದು. ದಯವಿಟ್ಟು ತೆಗೆದುಕೊಂಡು ಹೋಗಿ.”

“ತಗೊಳ್ಳಿ ಅತ್ತಿಗೆ” ಎಂದೆ ಕನ್ನಡದಲ್ಲಿ. ಮಾರ್ಚ್ ಇನ್ನೂ ಮುಗಿದಿರಲಿಲ್ಲ. ಕಷ್ಟಪಟ್ಟದ್ದಕ್ಕೆ ಸಿಕ್ಕಿದ್ದನ್ನು ಕೈಚಾಚಿ ತೆಗೆದುಕೊಳ್ಳಬೇಕೆಂದು ಬದುಕು ನನಗೆ ಕಲಿಸಿತ್ತು.

ಅತ್ತಿಗೆ ಕಲ್ಲನ್ನು ತೆಗೆದುಕೊಂಡರು. ಗೂಡಿನಲ್ಲಿ ಮೊದಲಿದ್ದ ಜಾಗದಲ್ಲೇ, ಎಲೆಯ ಮುಖ ಮುಂದಾಗಿ ಇಟ್ಟರು. “ಇದು ಮಾಮೂಲಿ ಕಪ್ಪೆ, ತಾತ. ಇಂಥವು ನಮ್ಮ ಮ್ಯೂಸಿಯಮ್ಮಿನಲ್ಲಿ ಬೇಕಾದಷ್ಟಿವೆ. ನೋಡಲು ಬಿಟ್ಟಿರಲ್ಲ, ಬಹಳ ಉಪಕಾರವಾಯಿತು” ಎಂದು ಜಪಾನಿಯಲ್ಲಿ ಹೇಳಿ, ಹಣೆ ಚಾಪೆಗೆ ತಾಗುವಷ್ಟು ಬಗ್ಗಿದರು. ತಾತನ ಕೈಗಳು ಮಾತ್ರ ಇನ್ನೂ ಗಾಳಿಯಲ್ಲೇ ಇದ್ದವು.

ಊರು ದಾಟಿ ಹೆದ್ದಾರಿಯ ಕಡೆ ಹೊರಟೆವು. ಇಷ್ಟು ವರ್ಷ ಹುಡುಕಿದ್ದು ಒಂದು ಮಾಮೂಲಿ ಕಪ್ಪೆಗಾಗಿಯೇ ಎಂದು ಸಂಕಟವಾಗುತ್ತಿತ್ತು. ಕಡೆಗೆ ತಡೆಯಲಾರದೆ ಕೇಳಿದೆ: “ನಿಜವಾಗ್ಲೂ ಮಾಮೂಲಿನಾ ಅತ್ತಿಗೆ?”

ಅವರು ಕಿಟಕಿಯಾಚೆ ನೋಡುತ್ತಿದ್ದರು. “ಅಂಥ ತಲೆ ನಾನು ಎಲ್ಲೂ ನೋಡಿಲ್ಲ ಕಣಯ್ಯ.”

ನಾನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಯೇಬಿಟ್ಟೆ. “ಅತ್ತಿಗೆ! ಅವರೇ ಕೊಡ್ತಿದ್ರಲ್ಲ! ಎರಡು ಕೈಲಿ ಕೊಡ್ತಿದ್ರು!”

“ಇಲ್ಲಿ ಕೇಳಿದ್ರೆ ಕೊಟ್ಟುಬಿಡ್ತಾರೆ. ಕೇಳದೆ ಹೋದ್ರೂ, ಕಣ್ಣಲ್ಲಿ ಆಸೆ ಕಂಡ್ರೆ ಸಾಕು, ಕೊಟ್ಟುಬಿಡ್ತಾರೆ. ನಾಳೆ ಬೆಳಿಗ್ಗೆ ಬಿಸಿಲು ಬಂದಿದೆ ಅಂತ ಆ ತಾತ ಯಾರಿಗೆ ಹೇಳ್ಬೇಕು?” ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಕಪ್ಪೆ ಕಾಯುತ್ತೆ ಕಣಯ್ಯ. ಇಷ್ಟು ಕೋಟಿ ವರ್ಷ ಕಾದಿದೆ, ಇನ್ನು ಹತ್ತು ವರ್ಷ ಅದಕ್ಕೊಂದು ಲೆಕ್ಕಾನೇ ಅಲ್ಲ. ತಾತನ ಕೈಲಿ ಆಗುತ್ತಾ? ಯಾರು ಕಾಯ್ಬಹುದು, ಯಾರು ಕಾಯೋಕಾಗಲ್ಲ, ನೀನೇ ಹೇಳು.”

ನಾನು ಕಾರನ್ನು ಮತ್ತೆ ರಸ್ತೆಗೆ ಇಳಿಸಿದೆ. ಕಾಯಲಾಗದವರು ಇನ್ನೊಬ್ಬರು ಇದ್ದರು. ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕಾದವರು, ಮಡಿಲಲ್ಲಿ ಎರಡು ಕಾಲುಗಳನ್ನಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದರು. ಆ ಒಬ್ಬರನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.